ದಿನದ ಮಾತಿನಲ್ಲಿ ದೊಡ್ಡ ಪದಗಳು: ‘ನಿರ್ಲಿಪ್ತ’ ಎಂದು ಹೇಳಿ ಸಿಕ್ಕಿಬಿದ್ದವನ ಪ್ರಶ್ನೆ

ಪ್ರಶ್ನೆ
ಬರೆದವರು: ನಿಘಂಟುಪ್ರಿಯ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯ ಒಂದು ಖಾಸಗಿ ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ದಿನವಿಡೀ ಅಂಕಿಗಳ ನಡುವೆ ಕುಳಿತಿರುವುದರಿಂದಲೋ ಏನೋ, ಎರಡು ವರ್ಷಗಳಿಂದ ನನಗೆ ಪದಗಳ ಹುಚ್ಚು ಹಿಡಿದಿದೆ. ಹಳೆಯ ಪುಸ್ತಕಗಳ ಅಂಗಡಿಯಲ್ಲಿ ಕೊಂಡ, ಬೆನ್ನು ಕಿತ್ತುಹೋದ ನಿಘಂಟೊಂದನ್ನು ರಾತ್ರಿ ಮಲಗುವ ಮುಂಚೆ ಎರಡು ಪುಟ ಓದುತ್ತೇನೆ. ಅಲ್ಲಿ ಸಿಕ್ಕ ಪದವನ್ನು ಮರುದಿನ ಯಾರ ಮುಂದಾದರೂ ಆಡದೆ ಹೋದರೆ ಊಟ ಸೇರುವುದಿಲ್ಲ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಸೂಪರ್ ಮಾರ್ಕೆಟ್ ಹತ್ತಿರ ಕಬ್ಬಿನ ಹಾಲು ಕುಡಿದು, ಅಂಗಡಿಯವನಿಗೆ “ಬಹಳ ಆಪ್ಯಾಯಮಾನವಾಗಿತ್ತು” ಎಂದು ಹೇಳಿದಾಗ ಅವನು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿ, “ಇನ್ನೊಮ್ಮೆ ಅನ್ರೀ ಸರ” ಎಂದು ಕೇಳಿ, ಆ ಪದವನ್ನು ತಾನೂ ಎರಡು ಸಲ ನಾಲಿಗೆಯ ಮೇಲೆ ಹೊರಳಿಸಿ ನಕ್ಕ. ಈಗ ನಾನು ಅಲ್ಲಿಗೆ ಹೋದಾಗಲೆಲ್ಲ “ಆಪ್ಯಾಯಮಾನ ಒಂದ್ ಗ್ಲಾಸ್” ಎಂದು ಅವನೇ ಒಳಗಿನ ಹುಡುಗನಿಗೆ ಕೂಗಿ ಹೇಳುತ್ತಾನೆ. ಈ ಬಗೆಯ ಸಂತೋಷಕ್ಕೆ ಬೆಲೆ ಕಟ್ಟಲು ನನ್ನ ಲೆಕ್ಕಪತ್ರದಲ್ಲಿ ಕಾಲಮ್ ಇಲ್ಲ.

ಆದರೆ ಕಳೆದ ತಿಂಗಳು ನಡೆದ ಒಂದು ಪ್ರಸಂಗ ನನ್ನನ್ನು ಚಿಂತೆಗೆ ಹಚ್ಚಿದೆ. ನಮ್ಮ ಕಾಕಾನ ಮಗನಿಗೆ ಕನ್ಯೆ ನೋಡಲೆಂದು ಯಾದಗಿರಿ ಕಡೆಯ ಒಂದು ಹಳ್ಳಿಗೆ ಹೋಗಿದ್ದೆವು. ಉಪ್ಪಿಟ್ಟು, ಚಹಾ ಮುಗಿದ ಮೇಲೆ ಹುಡುಗಿಯ ಅಜ್ಜನವರು ನನ್ನ ಕಡೆ ತಿರುಗಿ, ಹುಡುಗನ ಸ್ವಭಾವ ಹೇಗೆ ಎಂದು ವಿಚಾರಿಸಿದರು. ನನ್ನ ತಮ್ಮ ನಿಜಕ್ಕೂ ಯಾರ ಗೊಡವೆಗೂ ಹೋಗದ, ಆಸ್ತಿಯ ಜಗಳದಲ್ಲೂ ಬಾಯಿ ಹಾಕದ ಮನುಷ್ಯ. ಆ ಗುಣಕ್ಕೆ ತಕ್ಕ ಪದ ಎರಡು ದಿನಗಳ ಹಿಂದಷ್ಟೇ ನನಗೆ ಸಿಕ್ಕಿತ್ತು. “ಹುಡುಗ ಬಹಳ ನಿರ್ಲಿಪ್ತ” ಎಂದೆ. ಪಡಸಾಲೆಯಲ್ಲಿ ಯಾರೂ ಮಾತಾಡಲಿಲ್ಲ. ಅಜ್ಜನವರು ಮೆಲ್ಲಗೆ, “ಎಷ್ಟ್ ವರ್ಷದಿಂದರೀ? ಔಷಧ ತಗೋಳ್ಲತ್ತಾನೇನು?” ಎಂದು ಕೇಳಿದರು. ನನಗೆ ನಗು ತಡೆಯಲಾಗಲಿಲ್ಲ, ಅದು ಮೊದಲನೆಯ ತಪ್ಪು. ಅವರ ಆತಂಕ ಕಳೆಯಲೆಂದು ಅರ್ಥ ಬಿಡಿಸಿ, “ಹಾಗಲ್ಲ, ಯಾವುದಕ್ಕೂ ಅಂಟಿಕೊಳ್ಳದವನು ಎಂದು” ಎಂದದ್ದು ಎರಡನೆಯ ತಪ್ಪು, ಏಕೆಂದರೆ ಒಳಕೋಣೆಯ ಬಾಗಿಲ ಹಿಂದಿನಿಂದ ಹುಡುಗಿಯ ತಾಯಿಯ ದನಿ ಕೂಡಲೇ ಬಂದಿತು: “ಅಂಟಿಕೊಳ್ಳದಂವಗ ಲಗ್ನ ಯಾಕ ಬೇಕ್ರೀ?”

ತಿರುಗಿ ಬರುವಾಗ ಬಸ್ಸಿನಲ್ಲಿ ಕಾಕಾ ನನ್ನೊಡನೆ ಒಂದೇ ಮಾತಾಡಿದರು: “ಇನ್ನ ಮ್ಯಾಲ ನೀ ಬಾಯಿ ತೆರೀಬ್ಯಾಡ.” ಮಾತುಕತೆ ಸದ್ಯಕ್ಕೆ ನಿಂತಿದೆ. ನಾನು ಈ ಪದಗಳನ್ನು ಮೆರೆಯಲು ಬಳಸುವುದಿಲ್ಲ ಎಂದು ಹೇಳಿದರೆ ಪೂರ್ತಿ ನಿಜವಾಗುವುದಿಲ್ಲ, ಸ್ವಲ್ಪ ಮೆರವಣಿಗೆಯೂ ಇದೆ. ಆದರೂ ಕೇಳುತ್ತೇನೆ: ದೊಡ್ಡ ಪದವೊಂದು ಕೇಳುವವರಿಗೂ ಸಂತೋಷ ಕೊಡುವುದು ಯಾವಾಗ, ಅವರನ್ನು ಹೊರಗೆ ನಿಲ್ಲಿಸುವುದು ಯಾವಾಗ ಎಂಬುದನ್ನು ಬಾಯಿ ತೆರೆಯುವ ಮೊದಲೇ ಅರಿಯುವ ದಾರಿ ಇದೆಯೇ? ಅಥವಾ ನಿಘಂಟನ್ನು ಅಟ್ಟಕ್ಕೆ ಹಾಕಬೇಕೇ?

ಉತ್ತರ 1
ಬರೆದವರು: ನಿವೃತ್ತ ಮಾಸ್ತರ, ಯಾದಗಿರಿ

ನಿಘಂಟುಪ್ರಿಯರೇ, ನಿಘಂಟನ್ನು ಅಟ್ಟಕ್ಕೆ ಹಾಕಬೇಡಿ. ಆದರೆ ಅದನ್ನೊಂದೇ ನಂಬಬೇಡಿ. ನಿಘಂಟು ಪದದ ಅರ್ಥವನ್ನು ಹೇಳುತ್ತದೆ, ಆ ಪದ ಯಾವ ಯಾವ ಮನೆಗಳಿಗೆ ಹೋಗಿ ಬಂದಿದೆ ಎಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ‘ನಿರ್ಲಿಪ್ತ’ ಎಂದರೆ ಬಳಿಯದ, ಮೆತ್ತಿಕೊಳ್ಳದ ಎಂದು ಮೂಲಾರ್ಥ. ಅದು ಸನ್ಯಾಸಿಗಳ, ಯೋಗಿಗಳ ವರ್ಣನೆಯಲ್ಲಿ ಬೆಳೆದ ಪದ. ಅರ್ಥ ತಿಳಿಯದ ಅಜ್ಜನವರು ಅದನ್ನು ರೋಗವೆಂದು ಭಾವಿಸಿದರು ಎಂದು ನೀವು ನಕ್ಕಿರಿ, ಆದರೆ ಅರ್ಥವನ್ನು ತಿಳಿದುಕೊಂಡ ತಾಯಿಯವರು ಕೇಳಿದ ಪ್ರಶ್ನೆಗೆ ಉತ್ತರವೆಲ್ಲಿತ್ತು? ಕನ್ಯೆ ಕೊಡುವವರ ಮನೆಯಲ್ಲಿ ಸನ್ಯಾಸಿಯ ಗುಣವನ್ನು ಹೊಗಳಿದ್ದು ಪದದ ತಪ್ಪಲ್ಲ. “ಯಾರ ಗೊಡವೆಗೂ ಹೋಗದವನು” ಎಂದು ನೀವೇ ಮೇಲೆ ಬರೆದಿದ್ದೀರಿ. ಅದನ್ನೇ ಅಲ್ಲಿಯೂ ಹೇಳಿದ್ದರೆ ಸಾಕಿತ್ತು.

ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಕನ್ನಡ ಪಾಠ ಹೇಳಿದ ನನಗೆ, ಅರ್ಥ ಸರಿಯಿದ್ದೂ ಬಳಕೆ ತಪ್ಪಿದಾಗ ಏನಾಗುತ್ತದೆ ಎಂಬುದರ ಅನುಭವ ನನ್ನ ಬೀಳ್ಕೊಡುಗೆಯ ದಿನವೇ ಆಯಿತು. ಸ್ವಾಗತ ಭಾಷಣ ಮಾಡಿದ ತರುಣ ಸಹೋದ್ಯೋಗಿಯೊಬ್ಬರು ಬಹಳ ಪ್ರೀತಿಯಿಂದ, “ಇಂದು ನಮ್ಮ ಮಾಸ್ತರರ ಅಂತಿಮ ದರ್ಶನಕ್ಕೆ ತಾವೆಲ್ಲರೂ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಸೇರಿದ್ದೀರಿ” ಎಂದರು. ಅಂತಿಮ ಎಂದರೆ ಕೊನೆಯ, ದರ್ಶನ ಎಂದರೆ ನೋಡುವುದು. ಬಿಡಿಸಿ ನೋಡಿದರೆ ಎಳ್ಳಷ್ಟೂ ತಪ್ಪಿಲ್ಲ. ನಾನು ಕುರ್ಚಿಯಲ್ಲಿ ಕುಳಿತಿದ್ದೆ, ಕೊರಳಲ್ಲಿ ಹಾರ ಬೇರೆ ಇತ್ತು. ‘ಪಾರ್ಥಿವ’ ಎಂಬ ಪದವೂ ಹಾಗೆಯೇ: ಪೃಥ್ವಿಗೆ ಸಂಬಂಧಿಸಿದ್ದು, ಮಣ್ಣಿನದು ಎಂದು ನಿಘಂಟಿನಲ್ಲಿದೆ ಎಂದು ಜೀವಂತ ಮನುಷ್ಯನ ಮೈಯನ್ನು ಪಾರ್ಥಿವ ಶರೀರ ಎಂದು ಕರೆದು ನೋಡಿ.

ಇನ್ನೊಂದು ಅಪಾಯ ಉಚ್ಚಾರದ್ದು. ದೊಡ್ಡ ಪದವೆಂದರೆ ಅದರಲ್ಲಿ ಮಹಾಪ್ರಾಣ ಇರಲೇಬೇಕು ಎಂಬ ನಂಬಿಕೆಯಿಂದ ಜನ ಸಿಕ್ಕಸಿಕ್ಕ ಅಕ್ಷರದ ಹೊಟ್ಟೆ ಸೀಳುತ್ತಾರೆ. ನಮ್ಮ ಊರಿನ ಬ್ಯಾನರುಗಳಲ್ಲಿ ‘ಹಾರ್ದಿಕ’ವು ‘ಹಾರ್ಧಿಕ’ವಾಗಿ ಎಷ್ಟು ಕಾಲವಾಯಿತೆಂದರೆ, ಸರಿಯಾಗಿ ಬರೆದರೆ ಮುದ್ರಣದವರೇ ತಿದ್ದಿ ತಪ್ಪು ಮಾಡುತ್ತಾರೆ. ಅತ್ತ, ನಿಜವಾಗಿ ಮಹಾಪ್ರಾಣ ಬೇಕಾದ ‘ಕನಿಷ್ಠ’ಕ್ಕೆ ಅದು ಸಿಗುವುದಿಲ್ಲ. ಸರಳ ಪದದಲ್ಲಿ ತಪ್ಪಿದವನನ್ನು ಯಾರೂ ಗಮನಿಸುವುದಿಲ್ಲ. ಆಡಂಬರದ ಪದದಲ್ಲಿ ತಪ್ಪಿದವನನ್ನು ಊರೇ ನೆನಪಿಟ್ಟುಕೊಳ್ಳುತ್ತದೆ.

ಉತ್ತರ 2
ಬರೆದವರು: ಕಾಗಿಣಾ ದಂಡೆ, ಸೇಡಂ

ಮಾಸ್ತರರ ಮಾತನ್ನು ಒಪ್ಪುತ್ತಲೇ ಒಂದು ಸಂಗತಿಯನ್ನು ಸೇರಿಸಬೇಕೆನಿಸುತ್ತದೆ. ನಾವು ‘ದೊಡ್ಡ ಪದ’ ಎಂದು ಯಾವುದನ್ನು ಕರೆಯುತ್ತೇವೆ ಎಂಬುದೇ ನಮ್ಮ ಭಾಗದಲ್ಲಿ ಎರಡು ತಲೆಮಾರುಗಳಲ್ಲಿ ಬದಲಾಗಿದೆ.

ನನ್ನ ಮುತ್ಯಾ ನಿಜಾಮರ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ಓದಿದವರು. ಆಗ ಕಛೇರಿಯ ಭಾಷೆ, ಕೋರ್ಟಿನ ಭಾಷೆ ಉರ್ದು. ಹೈದರಾಬಾದಿನಲ್ಲಿ 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿತ್ತು. ಓದಿದವನು ಎಂದು ತೋರಿಸಿಕೊಳ್ಳಬೇಕಾದರೆ ಮಾತಿನಲ್ಲಿ ನಾಲ್ಕು ಉರ್ದು ಪದಗಳನ್ನು ತೂರಿಸಬೇಕಿತ್ತು. ಆ ಭಾಷೆಯ ಮರ್ಯಾದೆಯ ರೀತಿಯಲ್ಲಿ ಎದುರಿನವರ ಮನೆ ‘ದೌಲತ್‌ಖಾನೆ’, ನಮ್ಮ ಮನೆ ಎಷ್ಟೇ ದೊಡ್ಡದಿದ್ದರೂ ‘ಗರೀಬ್‌ಖಾನೆ’. ಮುತ್ಯಾ ಒಮ್ಮೆ ಹೊಲದ ಕೆಲಸಕ್ಕೆಂದು ಬಂದ ಹೊಸಬರೊಬ್ಬರನ್ನು ಕೂಡಿಸಿ, ನೀರು ಕೊಟ್ಟು, “ನಿಮ್ಮ ದೌಲತ್‌ಖಾನೆ ಎಲ್ಲಿ?” ಎಂದು ಕೇಳಿದರಂತೆ. ಊರು ಯಾವುದು ಎಂಬುದು ಅವರ ಪ್ರಶ್ನೆ. ಆ ಮನುಷ್ಯ ಗಾಬರಿಯಿಂದ, “ನಮ್ಮಲ್ಲಿ ದೌಲತ್ತು ಎಲ್ಲಿಂದ ಬಂತ್ರೀ ಗೌಡ್ರ, ಎರಡೆಕರೆ ತೊಗರಿ ಅದ, ಅದೂ ಸಾಲದಾಗ” ಎಂದು ಕೈಮುಗಿದನಂತೆ. ನಿಮ್ಮ ‘ನಿರ್ಲಿಪ್ತ’ಕ್ಕೂ ಇದಕ್ಕೂ ಏನು ಅಂತರ?

1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಕೊನೆಗೊಂಡ ನಂತರ, ಅದರಲ್ಲೂ 1956ರ ನವೆಂಬರ್ 1ರಂದು ನಮ್ಮ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ ನಂತರ, ಆ ಪದಗಳ ಮೆರುಗು ಹೋಯಿತು. ಮುತ್ಯಾ ಪ್ರತಿಷ್ಠೆಗಾಗಿ ಆಡುತ್ತಿದ್ದ ಫುರ್ಸತ್ತು, ಜರೂರು, ಹೈರಾಣಗಳನ್ನು ಇಂದು ನಾನು ಬೆಂಗಳೂರಿನಲ್ಲಿ ಆಡಿದರೆ ಹಳ್ಳಿಯ ಮಾತು ಎಂದು ನಗುತ್ತಾರೆ. ನಗುವವರು ತಮ್ಮ ತಾಲ್ಲೂಕು ಕಛೇರಿಯ ಗೋಡೆಯನ್ನು ಓದಿದಂತಿಲ್ಲ. “ಅರ್ಜಿದಾರರು ಖುದ್ದಾಗಿ ಹಾಜರಾಗತಕ್ಕದ್ದು” ಎಂಬ ಅಪ್ಪಟ ಸರ್ಕಾರಿ ಕನ್ನಡ ವಾಕ್ಯದಲ್ಲಿ ಅರ್ಜಿ, ಖುದ್ದು, ಹಾಜರು ಮೂರೂ ಅರಬ್ಬಿ ಪಾರಸಿಯ ಕಡೆಯಿಂದ ಬಂದವು. ತಂದೆ ತೀರಿಕೊಂಡ ಮೇಲೆ ಪಹಣಿಯಲ್ಲಿ ಹೆಸರು ಬದಲಿಸಲು ಹೋದವರಿಗೆ ‘ಫೌತಿ’ ಎಂಬ ಪದವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅದು ಸಾವು ಎಂಬ ಅರ್ಥದ ಅರಬ್ಬಿ ಪದ. ನಿಮ್ಮ ಅಜ್ಜನವರಿಗೂ ಅದು ಗೊತ್ತಿರುತ್ತದೆ. ಪದ ಎಷ್ಟು ದೂರದಿಂದ ಬಂದಿದೆ ಎಂಬುದಲ್ಲ, ಆ ಮನುಷ್ಯನಿಗೆ ಅದರೊಡನೆ ವ್ಯವಹಾರ ಬಿದ್ದಿದೆಯೇ ಎಂಬುದು ಮುಖ್ಯ.

ಈ ಜಗಳ ನಮ್ಮ ನೆಲದಲ್ಲಿ ಹಳೆಯದು. ನಮ್ಮ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಸುಮಾರು 850ರ ಹೊತ್ತಿಗೆ ಶ್ರೀವಿಜಯನು ಬರೆದ ಕವಿರಾಜಮಾರ್ಗದಲ್ಲಿಯೇ, ಸಂಸ್ಕೃತ ಮತ್ತು ಕನ್ನಡ ಪದಗಳನ್ನು ಹದವರಿಯದೆ ಸಮಾಸದಲ್ಲಿ ಬೆಸೆಯುವುದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿಗಳನ್ನು ಬೆರೆಸಿದಂತೆ ಎಂಬ ಹೋಲಿಕೆ ಇದೆ. ಹಾಲೂ ಒಳ್ಳೆಯದು, ಮಜ್ಜಿಗೆಯೂ ಒಳ್ಳೆಯದು; ಒಲೆಯ ಮೇಲಿರುವಾಗ ಕೂಡಿಸಿದರೆ ಎರಡೂ ಕೆಡುತ್ತವೆ. ಬಳಕೆ ತಪ್ಪಿದ ಹಳೆಯ ಕನ್ನಡ ಮಾತುಗಳನ್ನು ಔಚಿತ್ಯವಿಲ್ಲದೆ ತರುವವರನ್ನೂ ಆ ಗ್ರಂಥ ಬಿಡುವುದಿಲ್ಲ. ಅದಕ್ಕೆ ಕೊಟ್ಟಿರುವ ಹೋಲಿಕೆಯನ್ನು ಹೆಣ್ಣುಮಕ್ಕಳು, ಮಕ್ಕಳು ಓದುವ ಜಾಗದಲ್ಲಿ ಬರೆಯಲು ನನಗೆ ಸಂಕೋಚವಿದೆ.

ಉತ್ತರ 3
ಬರೆದವರು: ಖಡಕ್ ರೊಟ್ಟಿ, ಕಲಬುರಗಿ

ಹೆಣ್ಣುಮಕ್ಕಳು ಓದುತ್ತಿದ್ದೇವೆ, ಸಂಕೋಚ ಬೇಡ, ನಾವೂ ಹುಡುಕಿ ಓದಿಕೊಳ್ಳುತ್ತೇವೆ.

ನಾನು ರೊಟ್ಟಿ ಕೇಂದ್ರ ನಡೆಸುತ್ತೇನೆ. ನಮ್ಮಲ್ಲಿ ಆರು ಜನ ಹೆಣ್ಣುಮಕ್ಕಳು ದಿನವೂ ಜೋಳದ ರೊಟ್ಟಿ ಬಡಿಯುತ್ತಾರೆ, ಆರ್ಡರುಗಳು ಫೋನಿನಲ್ಲಿ ಬರುತ್ತವೆ. ಕಾಲೇಜಿನಲ್ಲಿ ಪಾಠ ಹೇಳುವ ಗಿರಾಕಿಯೊಬ್ಬರು ಒಂದು ದಿನ “ರೊಟ್ಟಿ ಅನುಪಮ” ಎಂದಷ್ಟೇ ಸಂದೇಶ ಕಳಿಸಿದರು. ಹೊಗಳಿಕೆ ಎಂದು ನನಗೆ ತಿಳಿಯಿತು. ಆದರೆ ಫೋನ್ ನೋಡಿಕೊಳ್ಳುವ ಹುಡುಗಿ ಇಪ್ಪತ್ತೈದು ರೊಟ್ಟಿಯ ಕಟ್ಟು ಕಟ್ಟಿ, ಮೇಲೆ ‘ಅನುಪಮಾ’ ಎಂದು ಬರೆದು ತೆಗೆದಿಟ್ಟಳು. ಸಂಜೆಯವರೆಗೂ ಅನುಪಮಾ ಬರಲಿಲ್ಲ. ಆ ಕಟ್ಟನ್ನು ಕೊನೆಗೆ ನಾವೇ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದೆವು, ಹಾಗಾಗಿ ಈ ಪದದ ಮೇಲೆ ನಮಗೆ ದೂರಿಲ್ಲ.

ನನ್ನ ತಕರಾರು ಬೇರೆ. ಮೇಲಿನ ಮೂವರೂ ದೊಡ್ಡ ಪದವೆಂದರೆ ಓದಿದವರಿಂದ ಓದದವರ ಕಡೆಗೆ ಬರುವ ವಸ್ತು ಎಂದು ಭಾವಿಸಿದಂತಿದೆ. ‘ಹದ’ ಎಂಬ ಎರಡಕ್ಷರದ ಪದವನ್ನು ತೆಗೆದುಕೊಳ್ಳಿ. ಮಳೆ ನಿಂತ ಎಷ್ಟು ದಿನಕ್ಕೆ ಎರೆ ಹೊಲಕ್ಕೆ ಹದ ಬರುತ್ತದೆ ಎಂಬುದನ್ನು ನಮ್ಮ ಅಪ್ಪ ಒಂದು ಹಿಡಿ ಮಣ್ಣನ್ನು ಒತ್ತಿ, ಬಿಟ್ಟು ಹೇಳುತ್ತಿದ್ದರು. ಕೃಷಿ ಓದುತ್ತಿರುವ ನನ್ನ ಮಗ ಅದನ್ನು ‘ಮಣ್ಣಿನ ತೇವಾಂಶ’ ಎಂದು ಬರೆಯುತ್ತಾನೆ. ತೇವಾಂಶ ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು. ಹದ ಹಾಗಲ್ಲ, ಅದು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಎಸರು ಕುದಿದು, ಹಿಟ್ಟು ಹಾಕಿ, ನಾದುವಾಗ ಕೈಗೆ ಜಿಗಿ ಹತ್ತಿದರೆ ಅಲ್ಲಿಯೂ ಹದ ಬಂತು ಎನ್ನುತ್ತೇವೆ. ಕೆಲಸ ಕಲಿಯಲು ಬರುವ ಪಟ್ಟಣದ ಹುಡುಗಿಯರು ‘ಹದ’, ‘ಎಸರು’, ‘ಜಿಗಿ’ ಎಂಬ ಮಾತುಗಳನ್ನು ಕೇಳಿ, ನಿಮ್ಮ ಅಜ್ಜನವರು ‘ನಿರ್ಲಿಪ್ತ’ವನ್ನು ಕೇಳಿದಂತೆಯೇ ಮುಖ ಮಾಡುತ್ತಾರೆ. ಅವರಿಗೆ ನಾನು ಅರ್ಥ ಹೇಳುವುದಿಲ್ಲ, ಕೈಯನ್ನು ಹಿಟ್ಟಿನಲ್ಲಿ ಇಡಿಸುತ್ತೇನೆ. ನಿಮ್ಮ ಕಬ್ಬಿನ ಹಾಲಿನವನಿಗೆ ‘ಆಪ್ಯಾಯಮಾನ’ ಏಕೆ ರುಚಿಸಿತೆಂದರೆ, ಅದರ ಅರ್ಥ ಅವನೇ ಹಿಂಡಿದ ಗ್ಲಾಸಿನಲ್ಲಿ ಅವನ ಎದುರಿಗೇ ಇತ್ತು. ‘ನಿರ್ಲಿಪ್ತ’ವನ್ನು ತೋರಿಸಲು ನಿಮ್ಮ ತಮ್ಮನಾದರೂ ಪಕ್ಕದಲ್ಲಿ ಇರಬೇಕಿತ್ತು. ಅವನನ್ನು ಕರೆದುಕೊಂಡು ಹೋಗಿದ್ದಿರೋ ಇಲ್ಲವೋ, ನೀವು ಬರೆದಿಲ್ಲ.

ಉತ್ತರ 4
ಬರೆದವರು: ಮೂರು ಗಡಿ, ಬೀದರ

ಬೀದರಿನವರಿಗೆ ಇಲ್ಲಿ ಇನ್ನೊಂದು ವಿಶಿಷ್ಠ ತೊಂದರೆ ಇದೆ. ನಮ್ಮ ಜಿಲ್ಲೆಗೆ ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಸಂಸ್ಕೃತದ ಪದ ಆಡಿದರೆ ಎಲ್ಲರಿಗೂ ತಿಳಿಯುತ್ತದೆ ಎಂಬ ಧೈರ್ಯದಿಂದ ಬಾಯಿ ತೆರೆಯುತ್ತೇವೆ, ಮತ್ತು ಅಲ್ಲಿಯೇ ಜಾರುತ್ತೇವೆ. ‘ಅವಸರ’ ಎಂದರೆ ನಮಗೆ ಗಡಿಬಿಡಿ, ಹಿಂದಿಯವರಿಗೆ ಸದವಕಾಶ, ತೆಲುಗಿನವರಿಗೆ ಅಗತ್ಯ. ನಾನು ತೆಲುಗು ಮನೆಮಾತಿನ ವ್ಯಾಪಾರಿಯೊಬ್ಬರಿಗೆ ಬಹಳ ಸೌಜನ್ಯದಿಂದ “ಅವಸರವಿಲ್ಲ, ನಿಧಾನವಾಗಿ ಕಳಿಸಿ” ಎಂದು ಹೇಳಿದ್ದೆ. ಅವರು ಮೊದಲ ಪದವನ್ನು ಮಾತ್ರ ಹಿಡಿದುಕೊಂಡು, ನನಗೆ ಮಾಲು ಬೇಡವಂತೆ ಎಂದು ಬೇರೆಯವರಿಗೆ ಕಳಿಸಿಬಿಟ್ಟರು. ‘ಅನುಮಾನ’ವೂ ಹಾಗೆಯೇ. ಹಿಂದಿಯವರು ಖರ್ಚಿನ ಅನುಮಾನ ಎಷ್ಟು ಎಂದರೆ ಅಂದಾಜು ಕೇಳುತ್ತಿದ್ದಾರೆ, ನಾವು ನಮ್ಮ ಮೇಲೆ ಸಂಶಯಪಟ್ಟರೆಂದು ಸಿಟ್ಟಾಗುತ್ತೇವೆ. ‘ಶಿಕ್ಷೆ’ಯ ವಿಷಯ ಹೇಳುವುದೇ ಬೇಡ, ಅವರಿಗದು ವಿದ್ಯೆ, ನಮಗದು ದಂಡನೆ, ನನ್ನ ಶಾಲೆಯ ದಿನಗಳನ್ನು ನೆನೆದರೆ ಇಬ್ಬರೂ ಸರಿ.

ಹೀಗೆ ಮಾತು ಬಂದಾಗ, ಸರಳವಾಗಿ ಮಾತಾಡಿ ಎಂದು ಬುದ್ಧಿ ಹೇಳಲು ಯಾರಾದರೊಬ್ಬರು ಬಸವಣ್ಣನವರ “ನುಡಿದರೆ ಮುತ್ತಿನ ಹಾರದಂತಿರಬೇಕು” ಎಂಬ ವಚನವನ್ನು ತಂದೇ ತರುತ್ತಾರೆ. ಅವರಿಗಿಂತ ಮುಂಚೆ ನಾನೇ ತರುತ್ತೇನೆ, ಏಕೆಂದರೆ ಆ ವಚನದ ಮುಂದಿನ ಸಾಲುಗಳನ್ನು ಓದಿದರೆ ಬೇರೆಯೇ ಪಾಠ ಸಿಗುತ್ತದೆ. ಮೊದಲು ಮುತ್ತಿನ ಹಾರ, ಆಮೇಲೆ ಮಾಣಿಕ್ಯದ ದೀಪ್ತಿ, ಅದಾದ ಮೇಲೆ ಸ್ಫಟಿಕದ ಶಲಾಕೆ. ‘ಶಲಾಕೆ’ ಎಂಬ ಪದವನ್ನು ಬಸವಕಲ್ಯಾಣದ ಪೇಟೆಯಲ್ಲಿ ನಿಂತು ಕೇಳಿದರೆ ಹತ್ತರಲ್ಲಿ ಒಬ್ಬರು ಅರ್ಥ ಹೇಳಿಯಾರು. ಆದರೂ ಆ ವಚನವನ್ನು ಕೇಳಿ ಗಲಿಬಿಲಿಗೊಂಡವರನ್ನು ನಾನು ಕಂಡಿಲ್ಲ. ಎಲ್ಲರ ಮನೆಯಲ್ಲಿ ಮಾತಿಗೆ ಸಿಗುವ ಮುತ್ತಿನ ಹಾರವನ್ನು ಮೊದಲು ಕೈಗೆ ಕೊಟ್ಟು, “ನುಡಿದರೆ” ಎಂಬ ಒಂದೇ ಹೆಜ್ಜೆಯನ್ನು ಮತ್ತೆ ಮತ್ತೆ ಇಡಿಸುತ್ತ ಕರೆದುಕೊಂಡು ಹೋದ ಕಾರಣ, ಶಲಾಕೆ ಬರುವ ಹೊತ್ತಿಗೆ ಕೇಳುವವನು ತಾನಾಗಿಯೇ ಅಲ್ಲಿಗೆ ತಲುಪಿರುತ್ತಾನೆ.

ನಮ್ಮ ಬಿದ್ರಿ ಕೆಲಸದಲ್ಲಿಯೂ ಇಂಥದ್ದೇ ಒಂದು ಗುಟ್ಟಿದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯಲ್ಲಿ ಚಿತ್ತಾರ ಕೊರೆದು, ಬೆಳ್ಳಿಯ ತಂತಿಯನ್ನು ಬಡಿದು ಕೂಡಿಸಿದಾಗ ನೋಡಿದರೆ ಅದು ಅಷ್ಟೇನೂ ಎದ್ದು ಕಾಣುವುದಿಲ್ಲ, ಎರಡೂ ಹೆಚ್ಚುಕಡಿಮೆ ಒಂದೇ ಬಿಳಿ. ಕೊನೆಗೆ ಕೋಟೆಯ ಮಣ್ಣಿನ ದ್ರಾವಣದಲ್ಲಿ ಹಾಕಿ ತೆಗೆದಾಗ ಮೈಯೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ನಿಘಂಟುಪ್ರಿಯರು ಬರೆದ ಪ್ರಶ್ನೆಯನ್ನೇ ನೋಡಿ: ಇಷ್ಟುದ್ದದ ಬರಹದಲ್ಲಿ ಎರಡೇ ಎರಡು ಬೆಳ್ಳಿ ತಂತಿ, ಮಿಕ್ಕದ್ದೆಲ್ಲ ನಮ್ಮ ಕರಿ ಮಣ್ಣಿನ ಮಾತು. ಬರೆಯುವಾಗ ತಿಳಿದದ್ದು ಮಾತಾಡುವಾಗ ಏಕೆ ಮರೆಯಿತು ಎಂದು ನಾನು ಅವರನ್ನು ಕೇಳಬೇಕಿದೆ.

ಉತ್ತರ 5
ಬರೆದವರು: ನಿವೃತ್ತ ಮಾಸ್ತರ, ಯಾದಗಿರಿ

ಬೀದರಿನ ಮಿತ್ರರೇ, ವಚನದ ವಿವರಣೆ ಚೆನ್ನಾಗಿದೆ, ಮೂವತ್ತೊಂದು ವರ್ಷಗಳಲ್ಲಿ ನನಗೆ ಹೊಳೆದಿರಲಿಲ್ಲ. ನಿಮ್ಮ ಮೊದಲ ಸಾಲಿನಲ್ಲಿ ‘ವಿಶಿಷ್ಠ’ ಎಂದಿದೆ. ಅದು ‘ವಿಶಿಷ್ಟ’; ಹೊಟ್ಟೆ ಸೀಳಬೇಡಿ. ವಸಿಷ್ಠರಿಗೆ ಮಾತ್ರ ಸೀಳಬೇಕು.

ಉತ್ತರ 6
ಬರೆದವರು: ನಿಘಂಟುಪ್ರಿಯ, ಕಲಬುರಗಿ

ಎಲ್ಲರಿಗೂ ಕೃತಜ್ಞತೆಗಳು. ಅಕ್ಕನವರು ಕೇಳಿದಂತೆ, ತಮ್ಮನನ್ನು ಕರೆದುಕೊಂಡು ಹೋಗಿದ್ದೆವು. ನಾನು ‘ನಿರ್ಲಿಪ್ತ’ ಎಂದಾಗ ಅವನು ಉಪ್ಪಿಟ್ಟಿನಲ್ಲಿ ಕರಿಬೇವು ಆರಿಸುತ್ತಿದ್ದ, ಗದ್ದಲವಾದಾಗಲೂ ತಲೆ ಎತ್ತಲಿಲ್ಲ. ಬೀದರಿನವರ ಪ್ರಶ್ನೆಗೆ ಉತ್ತರ: ಬರೆಯುವಾಗ ಅಳಿಸಬಹುದು, ಮೊದಲ ಕರಡಿನಲ್ಲಿ ಹದಿನಾಲ್ಕು ಇದ್ದವು.

ನಿನ್ನೆ ಹುಡುಗಿಯ ಮನೆಯಿಂದ ಫೋನ್ ಬಂದಿತು. ಮಾತಾಡಿದವರು ಅದೇ ತಾಯಿಯವರು. ನಾವು ಹೊರಟುಬಂದ ಮೇಲೆ ಅವರಲ್ಲಿ ಚರ್ಚೆಯಾಯಿತಂತೆ, ಅಷ್ಟು ಗದ್ದಲದಲ್ಲಿಯೂ ಕರಿಬೇವು ಆರಿಸುತ್ತ ಕುಳಿತಿದ್ದ ಹುಡುಗನನ್ನು ಎಲ್ಲರೂ ನೆನೆಸಿಕೊಂಡರಂತೆ. ಮುಂದಿನ ವಾರ ಮತ್ತೊಮ್ಮೆ ಬರಲು ಹೇಳಿದ್ದಾರೆ. ಮಾತು ಮುಗಿಸುವಾಗ, “ನಿಮ್ಮ ನಿರ್ಲಿಪ್ತ ಆರಾಮ ಅದಾನೇನ್ರೀ?” ಎಂದು ಕೇಳಿದರು. ಅವರ ಮನೆಯಲ್ಲಿ ಹುಡುಗನಿಗೆ ಈಗ ಅದೇ ಹೆಸರಂತೆ. ತಮ್ಮ ಇದನ್ನು ಕೇಳಿ ಏನೂ ಅನ್ನಲಿಲ್ಲ. ಈ ಸಲ ನನ್ನನ್ನು ಕರೆದುಕೊಂಡು ಹೋಗುವುದೋ ಬಿಡುವುದೋ ಎಂಬ ವಿಷಯದಲ್ಲಿ ಕಾಕಾ ಇನ್ನೂ ಏನನ್ನೂ ಹೇಳಿಲ್ಲ.